ಗಾಲಿಯ ಮೊದಲ ಗೇಣು

“ತೆಗ್ಗಿಗೆ ಇದು ಹೆದರೂದಿಲ್ಲ ಮೇಡಂ, ನೀವ ನೋಡಾಕತ್ತೀರಲ್ಲ. ಹಂಪ್ ಬರ್ಲಿ ತಡೀರಿ, ಆಮ್ಯಾಲೆ ಇದರ ಬಣ್ಣ ಬಯಲಾಗ್ತೈತಿ,” ಎಂದರು ಇಮಾಮಸಾಬ ಗಡಾದ.

ಆಂಬುಲೆನ್ಸ್ ಗಾಡಿಯ ಹಿಂಭಾಗದಲ್ಲಿ, ಕೂಸು ಮಲಗಿಸುವ ಗಾಜಿನ ಪೆಟ್ಟಿಗೆಯ ಪಕ್ಕದ ಸೀಟಿನಲ್ಲಿ ಅವರು ಕುಳಿತಿದ್ದರು. ಮುಚ್ಚಳ ತೆಗೆದಿಟ್ಟ ಪೆಟ್ಟಿಗೆಯೊಳಗೆ ಆಗ ಕೂಸಿರಲಿಲ್ಲ. ಒಂದು ಸ್ಟೀಲಿನ ಬೋಗುಣಿ ಇತ್ತು, ಅದರ ತುಂಬ, ಅಂಚಿಗೆ ತಾಗುವಷ್ಟು ನೀರು. ಎದುರು ಸೀಟಿನಲ್ಲಿದ್ದ ಸುನೇತ್ರಾ ಕಟಗೇರಿ ಆ ನೀರಿನ ಮೇಲಿಟ್ಟ ಕಣ್ಣು ತೆಗೆದಿರಲಿಲ್ಲ. ಗದಗಿನ ಹೊರವಲಯದ ಆ ರಸ್ತೆ ಮಳೆಗಾಲ ಮುಗಿದ ಮೇಲೆ ರಸ್ತೆಯಂತೆ ಉಳಿದಿರಲಿಲ್ಲ. ಮುಂದೆ ಹೋಗುತ್ತಿದ್ದ ಹಾಲಿನ ಗಾಡಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂರಾಡುತ್ತಿತ್ತು. ಅದೇ ತೆಗ್ಗುಗಳ ಮೇಲೆ ಈ ಗಾಡಿಯೂ ಹೋಗುತ್ತಿತ್ತು, ಆದರೆ ಬೋಗುಣಿಯ ನೀರು ಕನ್ನಡಿಯ ಹಾಗೆ ನಿಂತಿತ್ತು. ಅದರಲ್ಲಿ ಗಾಡಿಯ ಚಾವಣಿಯ ದೀಪ ಒಂದಿಷ್ಟೂ ಅಲುಗದೆ ಕಾಣುತ್ತಿತ್ತು.

ಹಂಪ್ ಬಂತು. ಗಾಡಿ ಮೆಲ್ಲಗೇ ಏರಿತು. ಏರಿದ್ದೇ ತಡ, ಹಿಂದಿನಿಂದ ಯಾರೋ ಒದ್ದವರಂತೆ ಮೇಲಕ್ಕೆ ಜಿಗಿದು ದೊಪ್ಪನೆ ಇಳಿಯಿತು. ಬೋಗುಣಿಯ ಅರ್ಧ ನೀರು ಇಮಾಮಸಾಬರ ಅಂಗಿಯ ಮೇಲೂ, ಉಳಿದದ್ದರಲ್ಲಿ ಒಂದು ಪಾಲು ಸುನೇತ್ರಾರ ಟ್ಯಾಬ್ಲೆಟ್ಟಿನ ಮೇಲೂ ಬಿತ್ತು. ಗಾಡಿ ಓಡಿಸುತ್ತಿದ್ದ ಪ್ರಣೀತಾ ಹಡಪದ ತಾನು ಹತ್ತರ ವೇಗದಲ್ಲೂ ಇರಲಿಲ್ಲ ಎಂದು ಮುಂದಿನಿಂದಲೇ ಹೇಳಿದಳು. ಎರಡು ವಾರದಿಂದ ಅದನ್ನೇ ಹೇಳಿ ಹೇಳಿ ಅವಳ ದನಿಯಲ್ಲಿ ಜಗಳದ ಕಾವೂ ಆರಿಹೋಗಿತ್ತು.

ಈ ಗಾಡಿಯ ಕೆಳಗಿರುವುದು ಸುನೇತ್ರಾರದೇ ಆವಿಷ್ಕಾರ. ಕಾಗದಪತ್ರಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು; ಜನ ಅದನ್ನು ತೊಟ್ಟಿಲು ಎಂದು ಕರೆದರು, ಕೊನೆಗೆ ಅವರೂ ಹಾಗೇ ಕರೆಯತೊಡಗಿದರು. ಹಳೆಯ ಗಾಡಿಗಳಲ್ಲಿ ಗಾಲಿಗೂ ಮೈಗೂ ನಡುವೆ ಒಂದು ಸ್ಪ್ರಿಂಗು, ಆ ಸ್ಪ್ರಿಂಗಿನ ಕುಣಿತವನ್ನು ಅಡಗಿಸಲು ಎಣ್ಣೆ ತುಂಬಿದ ಒಂದು ಕೊಳವೆ ಇರುತ್ತಿತ್ತು. ತೊಟ್ಟಿಲಿನ ಎಣ್ಣೆಯಲ್ಲಿ ಮೈದಾ ಹಿಟ್ಟಿಗಿಂತ ನುಣ್ಣಗಿನ ಕಬ್ಬಿಣದ ಪುಡಿ ಕಲೆಸಿರುತ್ತದೆ. ಸುತ್ತಲಿನ ತಂತಿಯಲ್ಲಿ ವಿದ್ಯುತ್ ಹರಿದರೆ ಪುಡಿಯ ಕಣಗಳು ಸಾಲುಗಟ್ಟಿ ನಿಂತು ಎಣ್ಣೆ ಬೆಣ್ಣೆಯಷ್ಟು ಗಟ್ಟಿಯಾಗುತ್ತದೆ. ವಿದ್ಯುತ್ ನಿಂತರೆ ಮತ್ತೆ ನೀರು. ಜೊತೆಗೆ ಗಾಲಿಯನ್ನು ಎತ್ತುವ, ಚಾಚುವ ಪುಟ್ಟ ಮೋಟಾರು. ಕಣ್ಣು ಮಿಟುಕಿಸುವಷ್ಟರಲ್ಲಿ ಇದೆಲ್ಲ ನೂರು ಸಲ ಆಗಿಹೋಗುತ್ತದೆ.

ಇಷ್ಟನ್ನು ಬೇರೆಯವರೂ ಮಾಡಿದ್ದರು. ಸುನೇತ್ರಾ ಮಾಡಿದ್ದು ಅದನ್ನು ಕಲಿಯಲು ಬಿಟ್ಟದ್ದು. ಒಂದೊಂದು ಊರಿನ ನೆಲ ಒಂದೊಂದು ಥರ, ಟೈರು ಬೇರೆ, ಹೊರೆ ಬೇರೆ. ಕಾರ್ಖಾನೆಯಲ್ಲಿ ಕುಳಿತು ಬರೆದುಕೊಟ್ಟ ಲೆಕ್ಕ ಎಲ್ಲ ಕಡೆ ನಡೆಯದು. ಆದ್ದರಿಂದ ತೊಟ್ಟಿಲಿನ ಯಾವುದೇ ಭಾಗ ಬದಲಿಸಿದರೂ ಹಳೆಯ ನೆನಪೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಗಾಲಿ ಮೊಟ್ಟಮೊದಲು ಉರುಳುವ ಒಂದು ಗೇಣಿನಲ್ಲಿ, ನೆಲ ಎಂದರೇನು, ಒತ್ತಿದರೆ ಅದು ಹೇಗಿರುತ್ತದೆ ಎಂಬುದನ್ನು ಅದು ತಾನೇ ತಿಳಿದುಕೊಳ್ಳುತ್ತದೆ. ಮುಂದಿನ ಕಲಿಕೆಯೆಲ್ಲ ಆ ಮೊದಲ ಗೇಣಿನ ಮೇಲೆ ಕಟ್ಟಿದ್ದು.

ಅಂಥ ಗಾಡಿಗಳು ಹುಟ್ಟಿದ ಮೇಲೆ ತಾಲೂಕು ಊರುಗಳ ಹೆರಿಗೆ ಕೋಣೆಗಳಲ್ಲಿ ಒಂದು ಭಯ ಕಡಿಮೆಯಾಗಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿನ ತಲೆಯೊಳಗಿನ ರಕ್ತನಾಳಗಳು ಈರುಳ್ಳಿ ಪೊರೆಗಿಂತ ತೆಳು. ಒಂದು ಜೋರಾದ ಕುಲುಕು ಸಾಕು, ಒಡೆಯಲಿಕ್ಕೆ. ತೊಟ್ಟಿಲು ಬಂದ ನಾಲ್ಕು ವರ್ಷಗಳಲ್ಲಿ ಅಂಥ ಕೂಸುಗಳು ದಾರಿಯಲ್ಲಿ ನೋಯುವುದು ಬಹುತೇಕ ನಿಂತಿತ್ತು.

ಆ ಬೆಳಿಗ್ಗೆ ಮುಂಡರಗಿಯಲ್ಲಿ ಎಂಟುನೂರ ಅರವತ್ತು ಗ್ರಾಂ ತೂಕದ ಒಂದು ಹೆಣ್ಣುಕೂಸು ಹುಬ್ಬಳ್ಳಿಗೆ ಹೋಗಲು ಕಾಯುತ್ತಿತ್ತು. ಸಂಜೆಯವರೆಗೆ ನಿಭಾಯಿಸಬಲ್ಲೆವು, ಆಮೇಲೆ ಉಸಿರಾಟಕ್ಕೆ ದೊಡ್ಡ ಆಸ್ಪತ್ರೆಯ ಯಂತ್ರ ಬೇಕೇ ಬೇಕು ಎಂದು ಅಲ್ಲಿನ ವೈದ್ಯೆ ಪ್ರಣೀತಾಳಿಗೆ ಎರಡು ಸಲ ಫೋನು ಮಾಡಿದ್ದರು. ಜಿಲ್ಲೆಗೆ ಇದ್ದದ್ದು ಇದೊಂದೇ ತೊಟ್ಟಿಲು ಗಾಡಿ. ಮುಂಡರಗಿಯಿಂದ ಹುಬ್ಬಳ್ಳಿಗೆ ನಲವತ್ತೊಂಬತ್ತು ಹಂಪ್‌ಗಳು, ಪ್ರಣೀತಾ ಎಣಿಸಿದ್ದಳು. ಹನ್ನೆರಡರೊಳಗೆ ಗಾಡಿ ಸರಿಯಾಗದಿದ್ದರೆ ಕೂಸು ಸಾಮಾನ್ಯ ಆಂಬುಲೆನ್ಸಿನಲ್ಲಿ ಹೊರಡಬೇಕು. ಆಗ ಹತ್ತೂವರೆ.

ಗ್ಯಾರೇಜಿಗೆ ಮರಳಿದ ಮೇಲೆ ಸುನೇತ್ರಾ ಇಮಾಮಸಾಬರ ಕೆಲಸವನ್ನು ಒಂದೊಂದಾಗಿ ನೋಡಿದರು. ಅರವತ್ತೈದು ದಾಟಿದ ಮನುಷ್ಯ, ಐವತ್ತು ವರ್ಷದಿಂದ ಗಾಡಿಗಳ ಕೆಳಗೆ ಮಲಗಿ ಎದ್ದವರು. ಮೊದಲ ಸಲ ಗಾಡಿ ಬಂದಾಗ ಹಿಂದಿನ ಬಲಗಾಲಿಯ ಬಳಿ ಎತ್ತರ ಅಳೆಯುವ ಸಂವೇದಕದ ಕಡ್ಡಿ ಸವೆದಿತ್ತು. ಅದನ್ನು ಬದಲಿಸಿದ್ದರು, ಸರಿಯಾಗಿಯೇ ಬದಲಿಸಿದ್ದರು. ಅಂದಿನಿಂದಲೇ ಈ ಜಿಗಿತ ಶುರು. ಎರಡನೆಯ ಸಲ ನಾಲ್ಕೂ ಎಣ್ಣೆಕೊಳವೆ ಬದಲಿಸಿದರು, ಮೂರನೆಯ ಸಲ ತಂತಿಗಳನ್ನು. ಜಿಗಿತ ಕಡಿಮೆಯಾಗಲಿಲ್ಲ. ಮಾಡಿದ್ದನ್ನೆಲ್ಲ ಬರೆದಿಡಿ ಎಂದು ಸುನೇತ್ರಾ ಹಿಂದಿನ ದಿನ ಫೋನಿನಲ್ಲಿ ಹೇಳಿದ್ದಕ್ಕೆ ಅವರು ದುಂಡಗಿನ ಅಕ್ಷರದಲ್ಲಿ ಎರಡು ಪುಟ ಬರೆದಿಟ್ಟಿದ್ದರು. ನೆಲದ ಮಟ್ಟ ನೋಡಲು ಕೊಳವೆಯಲ್ಲಿ ನೀರು ತುಂಬಿ ಹಿಡಿದದ್ದು, ನೆಲ ಗುಡಿಸಿದ್ದು, ಗಾಲಿಗಳಿಗೆ ಗಾಳಿ ಹಾಕಿದ್ದು, ಎಲ್ಲವೂ ಅದರಲ್ಲಿತ್ತು.

ತಮ್ಮ ಪ್ರಯೋಗಾಲಯದಲ್ಲಿ ಯಾರೂ ಇಷ್ಟು ಚೊಕ್ಕವಾಗಿ ಬರೆಯುವುದಿಲ್ಲ ಎಂದು ಸುನೇತ್ರಾ ಹೇಳಿದರು. ಇಮಾಮಸಾಬರು ಹೊಗಳಿಕೆಯನ್ನು ಕೇಳಿಸಿಕೊಳ್ಳಲಿಲ್ಲ. ಬಗ್ಗಿ ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದರು.

“ಕೈ ಮುದುಕ ಆಗ್ಯಾವೇನೋ ಅಂತ ನಂಗ ಸಂಶೇ ರೀ,” ಎಂದರು. “ನನ್ನ ಕಡಿಂದ ಹೊರಗ ಬಿದ್ದ ಗಾಡಿ ಅದ ರಿಪೇರಿಗೆ ತಿರುಗಿ ಬಂದಿದ್ದಿಲ್ಲ. ಇದು ಮೂರ ಸರ್ತಿ ಬಂತು.”

ಸುನೇತ್ರಾ ಕಾಲ ಬಳಿಯ ಚೀಲವನ್ನು ಪಕ್ಕಕ್ಕೆ ಸರಿಸಿದರು. ಅದರಲ್ಲಿ ಒಂದು ಆದೇಶದ ಕರಡು ಇತ್ತು. ರಾಜ್ಯದಲ್ಲಿ ಇದೇ ಬಗೆಯ ಇಪ್ಪತ್ಮೂರು ದೂರುಗಳು ಬಂದಿದ್ದವು, ಎಲ್ಲವೂ ಹೊರಗಿನ ಗ್ಯಾರೇಜುಗಳಲ್ಲಿ ರಿಪೇರಿಯಾದ ಗಾಡಿಗಳು. ಕಾರ್ಖಾನೆಯಿಂದ ಹೊಸದಾಗಿ ಬಂದದ್ದರಲ್ಲಿ ಒಂದೂ ಇಲ್ಲ. ಹೊರಗಿನವರ ಕೈ ಸರಿಯಿಲ್ಲ, ಅವರು ಇನ್ನು ಮುಂದೆ ತೊಟ್ಟಿಲನ್ನು ಮುಟ್ಟಬಾರದು ಎಂದು ಕರಡು ಹೇಳುತ್ತಿತ್ತು. ಸಹಿ ಒಂದು ಬಾಕಿ. ಆ ಸಹಿ ಸುನೇತ್ರಾರದೇ.

ಅವರು ಟ್ಯಾಬ್ಲೆಟ್ಟನ್ನು ಒರೆಸಿ ಗಾಡಿಗೆ ಜೋಡಿಸಿದರು. ಗಾಲಿಗಳು ಮೊದಲ ಗೇಣಿನಲ್ಲಿ ಕಲಿತದ್ದೆಲ್ಲ ಗೆರೆಯಾಗಿ ಮೂಡಿತು. ಸಿಮೆಂಟ್ ನೆಲದ ಮೇಲೆ ಉರುಳಿದ ಗಾಲಿಯ ಗೆರೆ ಹಗ್ಗ ಎಳೆದಂತೆ ನೇರ ಇರಬೇಕು. ಇಲ್ಲಿ ನಾಲ್ಕೂ ಗಾಲಿಯ ಗೆರೆ ಸ್ವಲ್ಪ ಮೇಲೇರಿ, ಥಟ್ಟನೆ ಕುಸಿದು, ಆಮೇಲೆ ನೇರವಾಗಿತ್ತು. ಗಾಡಿ ಮರೆತಿದ್ದರೂ ದಾಖಲೆಯಲ್ಲಿ ಉಳಿದಿದ್ದ ಮೂರೂ ರಿಪೇರಿಯ ಗೆರೆಗಳು ಒಂದೇ ಅಚ್ಚಿನವು. ಸುನೇತ್ರಾ ಮಂಡಿಯೂರಿ ನೆಲವನ್ನು ಕೈಯಲ್ಲಿ ಸವರಿದರು. ತೆಗ್ಗಿಲ್ಲ, ಉಬ್ಬಿಲ್ಲ, ಒಂದು ಹರಳೂ ಇಲ್ಲ. ನೆಲ ಇಷ್ಟು ಚೊಕ್ಕವಿದ್ದರೆ ಗಾಲಿಗಳಿಗೆ ಆ ಏರಿಳಿತ ಎಲ್ಲಿ ಸಿಕ್ಕಿತು?

ನೋಡಿದ್ದೇ ನೋಡುವುದರಲ್ಲಿ ಹನ್ನೊಂದಾಯಿತು. ಕೊನೆಗೆ ಇನ್ನೊಮ್ಮೆ ಎಲ್ಲವನ್ನೂ ಸುನೇತ್ರಾರ ಕಣ್ಣೆದುರಿಗೇ ಮಾಡುವುದೆಂದಾಯಿತು. ಇಮಾಮಸಾಬರು ಒಂದು ತಂತಿ ಬಿಚ್ಚಿ ಮತ್ತೆ ಕೂಡಿಸಿದರು. ಗಾಡಿಯ ನೆನಪು ಅಳಿಯಿತು. ಸುನೇತ್ರಾ ಮೂಲೆಯ ಸ್ಟೂಲಿನಲ್ಲಿ ಕುಳಿತು ಟ್ಯಾಬ್ಲೆಟ್ಟಿನ ಖಾಲಿ ಪರದೆಯನ್ನೇ ನೋಡುತ್ತಿದ್ದರು. ಇಮಾಮಸಾಬರು ಕೈ ತೊಳೆದುಕೊಂಡು ಬಂದು ಗಾಡಿಯ ಸುತ್ತ ಒಂದು ಸುತ್ತು ಬಂದದ್ದು, ನಾಲ್ಕು ಕಡೆ ಬಗ್ಗಿ ಎದ್ದದ್ದು, ಬಾಯಲ್ಲಿ ಏನೋ ಅಂದುಕೊಂಡದ್ದು ಅವರ ಗಮನಕ್ಕೆ ಬರಲಿಲ್ಲ. ಪ್ರಣೀತಾ ಸ್ಟಿಯರಿಂಗಿಗೆ ಕೈ ಮುಗಿದು ಗಾಡಿಯನ್ನು ಮುಂದಕ್ಕೆ ಬಿಟ್ಟಳು.

ಪಚ್ ಎಂದು ಸದ್ದಾಯಿತು. ಅದೇ ಕ್ಷಣಕ್ಕೆ ಪರದೆಯ ಮೇಲೆ ನಾಲ್ಕು ಗೆರೆಗಳು ಏರಿ, ಕುಸಿದವು.

“ನಿಲ್ಲಸು,” ಎಂದರು ಸುನೇತ್ರಾ. ಗಾಡಿ ನಿಂತಿತು. “ಇಮಾಮಸಾಬ್ರ, ಗಾಲಿ ಬುಡಕ ಏನಿಟ್ರಿ?”

“ಏನಿಲ್ರಿ.”

“ಏನೋ ಒಡೀತಲ್ರಿ.”

“ಅದಾ? ನಿಂಬಿಹಣ್ಣ ಅದು. ಏನಿಲ್ಲ.”

“ಮೂರೂ ಸರ್ತಿ ಇಟ್ಟಿದ್ರೇನು?”

“ಇಡದ ಗಾಡಿ ಹೊರಗ ಬಿಡ್ತಾರೇನ್ರಿ ಯಾರರ? ನಮ್ಮ ಉಸ್ತಾದ್ರು ಹಾಕಿಕೊಟ್ಟ ಪದ್ಧತಿ. ಐವತ್ತು ವರ್ಸದಾಗ ಒಂದು ಗಾಡೀನೂ ಹಂಗ ಬಿಟ್ಟಿಲ್ಲ ನಾನು.”

“ನೀವು ಬರದ ಹಾಳ್ಯಾಗ ಇದಿಲ್ಲಲ್ಲ.”

“ಬರೀಬೇಕಿತ್ತೇನ್ರಿ?” ಇಮಾಮಸಾಬರು ನಿಜವಾಗಿಯೂ ಬೆರಗಾಗಿದ್ದರು. “ಅದು ರಿಪೇರಿ ಅಲ್ಲಲ್ಲ.”

ಸುನೇತ್ರಾ ಸ್ಟೂಲಿನಿಂದ ಇಳಿದು ಬಂದು ಹಿಂದಿನ ಗಾಲಿಯ ಬಳಿ ನೆಲದಲ್ಲೇ ಕುಳಿತರು. ಚಪ್ಪಟೆಯಾದ ನಿಂಬೆಹಣ್ಣು ಸಿಮೆಂಟಿನ ಮೇಲೆ ಹಳದಿ ಹೂವಿನಂತೆ ಅರಳಿತ್ತು. ಅವರು ಅದನ್ನು ನೋಡಿದರು, ಪರದೆಯ ಗೆರೆ ನೋಡಿದರು, ಮತ್ತೆ ಹಣ್ಣನ್ನು ನೋಡಿ ನಗತೊಡಗಿದರು. ಮೊದಲು ಸಣ್ಣಗೆ; ಆಮೇಲೆ ಕಣ್ಣಲ್ಲಿ ನೀರು ಬರುವಂತೆ. ಪ್ರಣೀತಾ ಗಾಬರಿಯಿಂದ ಇಳಿದು ಬಂದಳು.

ನಕ್ಕು ಸಮಾಧಾನವಾದ ಮೇಲೆ ಸುನೇತ್ರಾ ಇಬ್ಬರಿಗೂ ಬಿಡಿಸಿ ಹೇಳಿದರು. ನೆನಪು ಅಳಿಸಿಹೋದ ಗಾಡಿಗೆ ನೆಲವೆಂದರೇನೆಂದೇ ಗೊತ್ತಿರುವುದಿಲ್ಲ. ಅದು ಮೊದಲ ಹೆಜ್ಜೆ ಇಟ್ಟದ್ದು ನಿಂಬೆಹಣ್ಣಿನ ಮೇಲೆ. ಕಾಲ ಕೆಳಗೆ ಒಂದು ಉಬ್ಬು ಬಂತು, ಒತ್ತಿದೊಡನೆ ಒಡೆದು ಕುಸಿಯಿತು. ಓಹೋ, ಲೋಕದಲ್ಲಿ ಉಬ್ಬುಗಳೆಂದರೆ ಹೀಗೆ, ಒತ್ತಿದರೆ ಒಡೆಯುತ್ತವೆ ಎಂದು ಅದು ತಿಳಿದುಕೊಂಡಿತು. ಮುಂದೆ ರಸ್ತೆಯಲ್ಲಿ ಹಂಪ್ ಸಿಕ್ಕಾಗ, ಇದೂ ಈಗ ಒಡೆದು ಕುಸಿಯುತ್ತದೆ, ಬೀಳದಂತೆ ಹಿಡಿಯಬೇಕು ಎಂದು ಕಾಲನ್ನು ಮೇಲಕ್ಕೆಳೆದುಕೊಳ್ಳುವ ಬದಲು ಕೆಳಕ್ಕೆ ಚಾಚುತ್ತದೆ. ಹಂಪ್ ಒಡೆಯುವುದಿಲ್ಲ. ಚಾಚಿದ ಕಾಲು ಗಾಡಿಯನ್ನೇ ಎತ್ತಿ ಒಗೆಯುತ್ತದೆ. ತೆಗ್ಗಿನಲ್ಲಿ ಉಬ್ಬಿಲ್ಲವಲ್ಲ, ಅಲ್ಲಿ ಅದಕ್ಕೆ ಏನೂ ತೊಂದರೆಯಿಲ್ಲ.

ಪ್ರಣೀತಾ ಬಗ್ಗಿ ಒಡೆದ ಹಣ್ಣನ್ನು ನೋಡಿದಳು. “ಅಂದ್ರ ಎರಡ ವಾರದಿಂದ ಇದು ಹಂಪ್ ಎಲ್ಲಾ ನಿಂಬಿಹಣ್ಣು ಅನ್ಕೊಂಡು ಓಡಾಕತ್ತಿತ್ತು?”

“ಪಾಪ, ಹಂಗ ಕಲಿಸೇವಿ ಅದಕ್ಕ,” ಎಂದರು ಇಮಾಮಸಾಬರು. ಆಮೇಲೆ ಮೆಲ್ಲಗೆ, “ಮೂರ ಮೂರ ಸರ್ತಿ ಕಲಿಸೇನಿ ನಾನು,” ಎಂದರು.

ಓಡಿ ಓಡಿ ಅದೇ ತಿದ್ದಿಕೊಳ್ಳುವುದಿಲ್ಲವೇ ಎಂದು ಪ್ರಣೀತಾ ಕೇಳಿದಳು. ಅದಕ್ಕೆ ಉತ್ತರಿಸುವಾಗ ಸುನೇತ್ರಾರ ನಗು ಇಳಿಯಿತು. ತಿದ್ದಿಕೊಳ್ಳಬಾರದೆಂದು ಬರೆದವರು ಅವರೇ. ಒಬ್ಬ ಒರಟು ಚಾಲಕ ನಾಲ್ಕು ದಿನ ಓಡಿಸಿದರೆ ಕಲಿತದ್ದೆಲ್ಲ ಕೆಟ್ಟುಹೋಗಬಾರದು, ಮೊದಲ ಗೇಣಿನ ಪಾಠವನ್ನು ಯಾವುದೇ ಕಾರಣಕ್ಕೂ ಬಿಡಬೇಡ ಎಂದು ಯಂತ್ರಕ್ಕೆ ಕಟ್ಟುನಿಟ್ಟಾಗಿ ಹೇಳಿದ್ದರು. ಪ್ರಯೋಗಾಲಯದಲ್ಲಿ ನೂರಾರು ಗಾಡಿಗಳ ಮೊದಲ ಗೇಣು ನೋಡಿದ್ದರು. ಅಲ್ಲಿ ಯಾರೂ ನಿಂಬೆಹಣ್ಣು ಇಟ್ಟಿರಲಿಲ್ಲ.

“ಕೈ ಮುದುಕ ಆಗಿಲ್ಲ ಇಮಾಮಸಾಬ್ರ,” ಎಂದರು. “ತಪ್ಪು ನಂದು. ನಾನೂ ಧಾರವಾಡದಾಗ ಹುಟ್ಟಿದಾಕಿ. ನಮ್ಮ ಅಪ್ಪನ ಸ್ಕೂಟರ್ ಬುಡಕ ನಾನ ಇಡ್ತಿದ್ದೆ ಎರಡೆರಡು. ನಂಗ ನೆನಪ ಆಗ್ಲಿಲ್ಲ ನೋಡ್ರಿ.”

ಇಮಾಮಸಾಬರು ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದರು. ಮತ್ತೆ ಒಮ್ಮೆ ಮಡಚಿ ಬಿಡಿಸಿದರು.

ಉಪಾಯ ಸುಲಭವಾಗಿತ್ತು. ನೆನಪು ಅಳಿಸಿ, ಬರಿ ನೆಲದ ಮೇಲೆ ಒಂದು ಗೇಣು ಉರುಳಿಸಿದರಾಯಿತು. ಆದರೆ ಸುನೇತ್ರಾ ನೆಲ ಒರೆಸಿ ಅಳಿಸುವ ಗುಂಡಿ ಒತ್ತಲು ಹೋದಾಗ ಉಳಿದಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಪ್ರಣೀತಾ ಬಾಯಿ ಬಿಟ್ಟಳು.

“ಮೇಡಂ, ಬ್ಯಾರೆ ದಿನ ಆಗಿದ್ರ ನಡೀತಿತ್ತು. ಇವತ್ತ ಕೂಸು ತರಾಕ ಹೊಂಟೇನಿ. ಇವತ್ತ ನಿಂಬಿಹಣ್ಣ ಬಿಟ್ಟ ಹೋಗಂದ್ರ ಕೈ ನಡಗ್ತಾವ ನಂಗ.”

ವಿಜ್ಞಾನಿಗಳು ಇಂಥಲ್ಲಿ ಏನು ಹೇಳುತ್ತಾರೆಂದು ಇಮಾಮಸಾಬರಿಗೆ ಗೊತ್ತಿತ್ತು. ಅವರು ಆಗಲೇ ತಲೆ ತಗ್ಗಿಸಿದ್ದರು. ಸುನೇತ್ರಾ ಹಾಗೇನೂ ಹೇಳಲಿಲ್ಲ. ನಲವತ್ತೊಂಬತ್ತು ಹಂಪ್‌ಗಳನ್ನು ದಾಟಬೇಕಾದವಳ ಕೈ ನಡುಗಬಾರದು ಎಂಬುದೂ ಒಂದು ಲೆಕ್ಕವೇ. ಮೊದಲು ಬರಿ ನೆಲದ ಮೇಲೆ ಒಂದು ಮೊಳ ಉರುಳಲಿ, ಕಲಿಯುವುದನ್ನು ಕಲಿತು ಮುಗಿಸಲಿ. ಆಮೇಲೆ ನಿಂಬೆಹಣ್ಣು ಇಡಿ, ನಾಲ್ಕಲ್ಲದಿದ್ದರೆ ಎಂಟು ಇಡಿ ಎಂದರು.

“ಮೊದಲ ನೆಲಕ್ಕ ಸಲಾಂ, ಆಮ್ಯಾಲೆ ನಿಂಬಿಹಣ್ಣಿಗೆ,” ಎಂದು ಇಮಾಮಸಾಬರು ತಕ್ಷಣ ಒಪ್ಪಿದರು. “ಇದ ಬರೋಬ್ಬರಿ ಆತು.”

ಈ ಸಲ ಗೆರೆಗಳು ನಾಲ್ಕೂ ನೇರ ಮೂಡಿದವು. ನಿಂಬೆಹಣ್ಣುಗಳು ತಮ್ಮ ಪಾಳಿಗೆ ಕಾದು ಒಡೆದವು. ಬೋಗುಣಿಗೆ ಮತ್ತೆ ನೀರು ತುಂಬಿ, ಅದೇ ರಸ್ತೆಯ ಅದೇ ಹಂಪ್ ಮೇಲೆ ಗಾಡಿ ಹೋಯಿತು. ಇಮಾಮಸಾಬರು ರಟ್ಟಿನ ಹಾಳೆಯೊಂದನ್ನು ಅಂಗಿಗೆ ಅಡ್ಡ ಹಿಡಿದು ಕುಳಿತಿದ್ದರು. ಹಂಪ್ ಯಾವಾಗ ಬಂತು, ಯಾವಾಗ ಹೋಯಿತು ಎಂದು ಅವರಿಗೆ ತಿಳಿಯಲಿಲ್ಲ. ಕಿಟಕಿಯಿಂದ ಹಿಂತಿರುಗಿ ನೋಡಿ, ದಾಟಿದೆವೆಂದು ಖಾತರಿ ಮಾಡಿಕೊಂಡ ಮೇಲೇ ರಟ್ಟು ಕೆಳಗಿಟ್ಟರು. ಹನ್ನೊಂದೂ ನಲವತ್ತಕ್ಕೆ ಪ್ರಣೀತಾ ಬೋಗುಣಿಯನ್ನು ಅವರ ಕೈಗೆ ಕೊಟ್ಟು ಮುಂಡರಗಿ ದಾರಿ ಹಿಡಿದಳು.

ಸುನೇತ್ರಾ ಮಧ್ಯಾಹ್ನದ ರೈಲಿಗೆ ಹೋಗಬಹುದಿತ್ತು, ಹೋಗಲಿಲ್ಲ. ಇಮಾಮಸಾಬರ ಮನೆಯಿಂದ ಬಂದ ಡಬ್ಬಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಇಬ್ಬರಿಗಾಗುವಷ್ಟು ಇತ್ತು. ಊಟ ಮಾಡುತ್ತ ಸುನೇತ್ರಾ ಚೀಲದಲ್ಲಿದ್ದ ಕರಡಿನ ಸಂಗತಿಯನ್ನು ಹೇಳಿದರು. ಹೇಳದೆ ಇದ್ದರೂ ಆಗುತ್ತಿತ್ತು. ಆದರೆ ಅವರ ರೊಟ್ಟಿ ತಿನ್ನುತ್ತ ಹೇಳದಿರುವುದು ಆಗಲಿಲ್ಲ. ಇಮಾಮಸಾಬರು ಅಗಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು, ಆಮೇಲೆ ಇನ್ನೊಂದು ರೊಟ್ಟಿಯನ್ನು ಅವರ ತಾಟಿಗೆ ಹಾಕಿದರು. ಕರಡು ಆಗಲೇ ಹರಿದು ಕಸದ ಬುಟ್ಟಿಗೆ ಸೇರಿತ್ತು.

ಊಟವಾದ ಮೇಲೆ ಸುನೇತ್ರಾ ದೂರು ಬಂದ ಉಳಿದ ಗ್ಯಾರೇಜುಗಳಿಗೆ ಒಂದೊಂದಾಗಿ ಫೋನು ಮಾಡಿದರು. ಗಾಲಿ ಕೆಳಗೆ ಏನಾದರೂ ಇಡುತ್ತೀರಾ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಇಲ್ಲ, ನಿಮ್ಮ ಪುಸ್ತಕದಲ್ಲಿ ಇದ್ದಂತೆಯೇ ಮಾಡುತ್ತೇವೆ. ಮೂರು ಫೋನು ಹೀಗಾದ ಮೇಲೆ ಇಮಾಮಸಾಬರು ಫೋನನ್ನು ತಾವೇ ತೆಗೆದುಕೊಂಡರು. ನಿಂಬೆಹಣ್ಣು ಎಷ್ಟು ಇಡುತ್ತೀಯಪ್ಪ, ಎರಡೋ ನಾಲ್ಕೋ ಎಂದು ಕೇಳಿದರು. ಆ ಕಡೆಯಿಂದ, ನಾಲ್ಕು ಎಂದು ಬಂತು. ಹೀಗೆ ಸಂಜೆಯೊಳಗೆ ಇಪ್ಪತ್ಮೂರರಲ್ಲಿ ಇಪ್ಪತ್ತೊಂದು ಗಾಡಿಗಳ ರೋಗ ಗೊತ್ತಾಯಿತು. ಉಳಿದೆರಡರಲ್ಲಿ ನಿಜಕ್ಕೂ ತಂತಿ ಕೆಟ್ಟಿತ್ತು.

ನಾಳೆಯೇ ಕೂತು, ಒಡೆಯುವ ಉಬ್ಬನ್ನು ನೆಲವೆಂದು ನಂಬಬೇಡ ಎಂದು ಯಂತ್ರಕ್ಕೆ ಬರೆಯುತ್ತೇನೆ ಎಂದರು ಸುನೇತ್ರಾ. ಇಮಾಮಸಾಬರು ಅದಕ್ಕೆ ಪೂರ್ತಿ ಒಪ್ಪಲಿಲ್ಲ. ಇಲ್ಲಿಯವರು ನಿಂಬೆಹಣ್ಣು ಇಡುತ್ತಾರೆ ಸರಿ. ಲೋಕದಲ್ಲಿ ಮತ್ತ್ಯಾರು ಮತ್ತೇನು ಇಡುತ್ತಾರೋ, ಏನು ಸುರಿಯುತ್ತಾರೋ, ಹೊರಡುವ ಮುಂಚೆ ಯಾವ ಕಡೆ ಒಮ್ಮೆ ತಿರುಗುತ್ತಾರೋ, ಅದನ್ನೆಲ್ಲ ಕೂತಲ್ಲೇ ಬರೆಯಲಾಗುತ್ತದೆಯೇ ಎಂದು ಕೇಳಿದರು. ಕೆಲಸ ಯಾವುದೆಂದು ಕೇಳಿದರೆ ಜನ ಕೆಲಸವನ್ನಷ್ಟೇ ಹೇಳುತ್ತಾರೆ. ಯಂತ್ರವಾದರೋ, ಯಾವುದು ಕೆಲಸ, ಯಾವುದು ಕೆಲಸವಲ್ಲ ಎಂದು ಬೇರೆ ಮಾಡದೆ ಎಲ್ಲವನ್ನೂ ಕಲಿಯುತ್ತದೆ.

ಸುನೇತ್ರಾ ಅವರು ಬರೆದಿಟ್ಟ ಎರಡು ಪುಟಗಳನ್ನು ಮತ್ತೆ ತಿರುವಿ ನೋಡಿದರು. “ಗಾಡಿ ಹೆಂಗ ಕೆಡ್ತೈತಿ ಅಂತ ನಾವು ಹತ್ತು ವರ್ಸ ಕೇಳಿದ್ವಿ,” ಎಂದರು ಕೊನೆಗೆ. “ಗಾಡಿ ಹೆಂಗ ಹೊರಡಸ್ತೀರಿ ಅಂತ ಯಾರನ್ನೂ ಕೇಳ್ಲಿಲ್ಲ.”

ನಾಲ್ಕೂವರೆಗೆ ಫೋನು ಬಂತು. ಪ್ರಣೀತಾ ಹುಬ್ಬಳ್ಳಿಯಲ್ಲಿದ್ದಳು. ಇಮಾಮಸಾಬರು ಫೋನಿನ ದನಿ ಜೋರು ಮಾಡಿ ಇಬ್ಬರ ನಡುವೆ ಹಿಡಿದರು. ಕೂಸಿನ ಎದೆಬಡಿತ ಮುಂಡರಗಿಯಿಂದ ಹುಬ್ಬಳ್ಳಿಯವರೆಗೆ ಒಂದೇ ಸಮ ಇತ್ತೆಂದು ಜೊತೆಗೆ ಬಂದ ನರ್ಸು ಬರೆದುಕೊಟ್ಟಿದ್ದರಂತೆ. ಇಳಿಸಿಕೊಂಡ ವೈದ್ಯರು, ದಾರಿ ಚೆನ್ನಾಗಿತ್ತೇನಮ್ಮ ಎಂದು ಕೇಳಿದರಂತೆ.

“ಅಣ್ಣಿಗೇರಿ ಹಂಪಿನ್ಯಾಗ ನಾನು ಉಸಿರ ಹಿಡದಿದ್ದೆ ಕಾಕಾ,” ಎಂದಳು ಪ್ರಣೀತಾ. “ಆಕಿ ಅದ ಟೈಮಿಗೆ ಆಕಳಿಸಿದ್ಲಂತ. ನರ್ಸಕ್ಕ ನೋಡ್ಯಾರ.”

“ಆಕಳಸ್ಲಿ ಯವ್ವಾ, ಆಕಳಸ್ಲಿ,” ಎಂದರು ಇಮಾಮಸಾಬರು. ಫೋನಿಟ್ಟು, ನಲ್ಲಿಯ ಕೆಳಗೆ ಬಹಳ ಹೊತ್ತು ಮುಖ ತೊಳೆದುಕೊಂಡರು.

ಐದೂವರೆಯ ರೈಲಿಗೆ ಸುನೇತ್ರಾರನ್ನು ಬಿಟ್ಟು ಬರಲು ಅವರು ತಮ್ಮ ಹಳೆಯ ಸ್ಕೂಟರ್ ಹೊರಗೆಳೆದರು. ಮೂವತ್ತು ವರ್ಷದ್ದು, ಬ್ಯಾಟರಿ ಎರಡು ಸಲ ಬದಲಾಗಿತ್ತು, ಬಣ್ಣ ಒಂದು ಸಲವೂ ಬದಲಾಗಿರಲಿಲ್ಲ.

“ಗಟ್ಟಿ ಹಿಡಕೊಂಡ ಕುಂದರ್ರಿ ಅಕ್ಕಾರ. ಇದಕ ಕಲಿಯೂದು ಗಿಲಿಯೂದು ಗೊತ್ತಿಲ್ಲ, ಎರಡ ಸ್ಪ್ರಿಂಗ್ ಅದಾವ ಅಷ್ಟ.”

“ಇರ್ಲಿ, ನಡೀರಿ,” ಎಂದರು ಸುನೇತ್ರಾ.

ಸ್ಟೇಷನ್ ರಸ್ತೆಯಲ್ಲಿ ಸಂಜೆಯ ಗದ್ದಲವಿತ್ತು. ಶಾಲೆಯ ಮುಂದಿನ ಹಂಪ್ ಇನ್ನೂ ಹತ್ತು ಮಾರು ದೂರವಿರುವಾಗಲೇ ಇಮಾಮಸಾಬರ ಬಲಗೈ ಸಡಿಲವಾಯಿತು. ಸ್ಕೂಟರ್ ನಡಿಗೆಯ ವೇಗಕ್ಕಿಳಿಯಿತು. ಅವರು ಎರಡೂ ಕಾಲು ಕೆಳಗಿಳಿಸಿ, ಹ್ಯಾಂಡಲ್ಲನ್ನು ಸ್ವಲ್ಪ ಓರೆಗೆ ತಿರುಗಿಸಿ, ಮುಂದಿನ ಗಾಲಿಯನ್ನು ಮೆಲ್ಲಗೆ ಹತ್ತಿಸಿ ಇಳಿಸಿದರು. ಕತ್ತನ್ನು ಅರ್ಧ ಹಿಂದಕ್ಕೆ ತಿರುಗಿಸಿ, ಹಿಂದಿನ ಗಾಲಿಯನ್ನು ಅದಕ್ಕಿಂತ ಮೆಲ್ಲಗೆ ದಾಟಿಸಿದರು. ಯಾವುದೋ ಊರಿನ ಮಳೆಯ ಮಾತಾಡುತ್ತಿದ್ದ ಇಮಾಮಸಾಬರು ಆ ಮಾತನ್ನು ನಡುವೆ ನಿಲ್ಲಿಸಲೂ ಇಲ್ಲ. ಅವರ ಪಕ್ಕದಲ್ಲೇ ಒಬ್ಬ ತನ್ನ ಬೈಕಿನ ಹಿಂದೆ ಅಜ್ಜಿಯೊಬ್ಬಳನ್ನು ಕೂರಿಸಿಕೊಂಡು ಅದೇ ಹಂಪ್ ದಾಟುತ್ತಿದ್ದ. ಅವನ ಕಾಲುಗಳೂ ಕೆಳಗಿಳಿದಿದ್ದವು, ಅವನ ಕತ್ತೂ ಅರ್ಧ ಹಿಂದಕ್ಕೆ ತಿರುಗಿತ್ತು.